ಒಂಬತ್ತನೆಯ ಮೆಟ್ಟಿಲು

ಚುನಾಭಟ್ಟಿ. ಸುಣ್ಣ ಸುಡುವ ಗೂಡಿದ್ದಿರಬೇಕು ಒಂದು ಕಾಲಕ್ಕೆ.
ಈಗ ಸುಣ್ಣವಿಲ್ಲ, ಸುಡುವುದಷ್ಟೇ ಉಳಿದಿದೆ,
ಏಪ್ರಿಲ್ಲಿನಲ್ಲಿ, ತಗಡಿನ ಮಾಡಿನಡಿ,
ಎಂಟು ಹದಿನೇಳರ ಲೋಕಲ್ಲು
ಎಂಟೂವರೆಗೂ ಬಾರದಿದ್ದಾಗ.

ಮೆಗಾಬ್ಲಾಕಿನ ಒಂದು ಭಾನುವಾರ
ಕಿವಿಗೆ ಕುಂಚ ಸಿಕ್ಕಿಸಿದ ಕಾಲೇಜು ಮಕ್ಕಳು ಬಂದು
ಸೇತುವೆಯ ಒಂದೊಂದು ಮೆಟ್ಟಿಲ ಎದೆಗೂ
ಒಂದೊಂದು ಪಟ್ಟಿ ಬಣ್ಣ ಬಳಿದು ಹೋದರು.
ಹತ್ತಿರ ನಿಂತರೆ ಏನೂ ಅಲ್ಲ:
ಕಂದು, ಇನ್ನಷ್ಟು ಕಂದು, ನಡುವೆ ಒಂದು ಬಿಳಿ ಗೀರು.
ವಡಾಪಾವಿನ ಗಾಡಿಯವರೆಗೆ ಹಿಂದೆ ಸರಿದು ನೋಡಿದರೆ
ಇಪ್ಪತ್ತೆಂಟು ಪಟ್ಟಿ ಕೂಡಿ
ಒಬ್ಬ ಹೆಂಗಸು.

ಸಾಯನ್ ಮಾರ್ಕೆಟ್ಟಿನಲ್ಲಿ ಬೊಂಬಿಲ್ ಮಾರುವ ನಮ್ಮತ್ತೆ, ಎಂದಳು ರೋಹಿಣಿ ಭೋಯಿರ್.
ಮೂಗುತಿ ಯಾವ ಕಡೆ ಇದೆ ನೋಡು, ನಮ್ಮ ಆಜಂಗಢದವಳೇ,
ಎಂದಳು ಪರ್ವೀನ್.
ನಾನು ಹೇಳಲಿಲ್ಲ. ನನಗೆ ಕಂಡದ್ದು
ಮಸ್ಜಿದ್ ಬಂದರಿನ ನಮ್ಮ ಗೋದಾಮಿನಲ್ಲಿ
ಮೆಣಸಿನಕಾಯಿಯ ತೊಟ್ಟು ಮುರಿಯುತ್ತ
ಸೀನಿ ಸೀನಿ ನಗುವ ಹೌಸಾಬಾಯಿ.

ಮೊದಲ ವಾರ ಎಲ್ಲರೂ ಅಂಚಿನಿಂದ ಹತ್ತಿದೆವು,
ದೇವರ ಮುಂದಿನ ರಂಗೋಲಿ ದಾಟುವಂತೆ.
ಎರಡನೆಯ ವಾರ ಗಾಡಿಯ ಸದ್ದಾಯಿತು.
ಓಡುವ ಕಾಲಿಗೆ ಯಾವುದು ಗಲ್ಲ, ಯಾವುದು ಹಣೆ?
ಸಂಜೆಯಂತೂ ಕೇಳುವುದೇ ಬೇಡ.
ಇಳಿಯುವವರಿಗೆ ಅವಳು ಇಲ್ಲವೇ ಇಲ್ಲ;
ಬರೀ ಬೂದಿ ಬಣ್ಣದ ಮೆಟ್ಟಿಲು, ಮೊಣಕಾಲ ನೋವು,
ಚೀಲದಲ್ಲಿ ಅರ್ಧ ಕಿಲೋ ತೊಂಡೆಕಾಯಿ.

ಜುಲೈಯಲ್ಲಿ ಒಂಬತ್ತನೆಯದು ಬಿರುಕು ಬಿಟ್ಟಿತು.
ಕಂತ್ರಾಟಿನವರು ಹೊಸ ಕಲ್ಲು ಕೂರಿಸಿದರು,
ಗಟ್ಟಿ ಕಲ್ಲು, ಒಳ್ಳೆ ಕೆಲಸ,
ಬಾಯಿ ಇದ್ದ ಜಾಗದಲ್ಲಿ.

ಈಗ ಸರಿಯಾದ ಸೊಸೆ ಸಿಕ್ಕಳು ನೋಡು! ಎಂದಳು ರೋಹಿಣಿ.
ನಾವೆಲ್ಲ ನಕ್ಕೆವು. ಕುರ್ಲಾ ಕಡೆಯಿಂದ ಗಾಡಿ ಬಂತು.

ಅದೇ ವಾರ ಗೋದಾಮಿನಲ್ಲಿ
ಹನ್ನೆರಡು ಚೀಲ ಜೀರಿಗೆ ಲೆಕ್ಕಕ್ಕೆ ಸಿಗಲಿಲ್ಲ.
ಸೇಠಜಿಯ ಭಾವಮೈದುನ
ಹೌಸಾಬಾಯಿಯ ಕಡೆ ಬೆರಳು ತೋರಿಸಿದ.
ಅರವತ್ತು ವರ್ಷದ ಮುದುಕಿ
ಹನ್ನೆರಡು ಚೀಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳೆಂದು.
ಲೆಕ್ಕದ ಪುಸ್ತಕ ನನ್ನ ತೊಡೆಯ ಮೇಲಿತ್ತು.
ಯಾವ ತಾರೀಖು, ಯಾವ ಟೆಂಪೋ, ಯಾರ ಸಹಿ,
ಎಲ್ಲ ನನ್ನದೇ ಅಕ್ಷರ.
ಅವಳು ನನ್ನತ್ತ ನೋಡಿದಳು.
ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಎಣಿಸುವ ಚಾಳಿ ಹತ್ತಿತು:
ಆರು, ಏಳು, ಎಂಟು,
ಒಂದು ದಾಟಿ,
ಹತ್ತು.

ಗಣಪತಿ ಹಬ್ಬದ ಮುಂಚೆ
ಪ್ಲಾಟ್‌ಫಾರ್ಮಿನ ಅಂಚಿಗೆ ಹೊಸ ಹಳದಿ ಗೆರೆ.
ಬಳಿಯುವವನು ಇಂಡಿ ಕಡೆಯ ಮಾಳಪ್ಪ;
ಫೋನಿನಲ್ಲಿ ಹೆಂಡತಿಗೆ ಬೈಯುವಾಗ ಗೊತ್ತಾಯಿತು.
ಮರುದಿನ ನೋಡಿದರೆ
ಒಂಬತ್ತರ ಮೇಲೆ ಅದೇ ಹಳದಿ.
ಅಳತೆ ಇಲ್ಲ, ನಯವಿಲ್ಲ, ಕೆನ್ನೆಗಿಂತ ಅಗಲ,
ನಗುವೋ ಕೂಗೋ ತಿಳಿಯದ
ಒಂದು ಬಾಯಿ.

ಯಾಕಪ್ಪಾ, ಎಂದೆ, ಕನ್ನಡದಲ್ಲೇ.
ಅವನು ಡಬ್ಬಿಯ ಕಂಠ ಒರೆಸುತ್ತ,
"ಬಣ್ಣಾ ಉಳದಿತ್ರಿ ಅಕ್ಕಾರ.
ಬಾಯಿ ಇಲ್ದ ಹೆಣಮಗಳನ್ನ ದಿನಾ ನೋಡೂದು ಹೆಂಗ್ರಿ?"

ಈ ಗೆರೆ ದಾಟಬೇಡಿ ಎನ್ನಲು ತಂದ ಬಣ್ಣ ಅದು.

ಇನ್ನೂ ಹಸಿಯಿತ್ತು. ಗಾಡಿಯ ಸದ್ದಾಯಿತು.
ಎಲ್ಲರ ಜೊತೆ ನಾನೂ ಓಡಿ ಹತ್ತಿದೆ.
ವಡಾಲಾ ದಾಟಿದ ಮೇಲೆ ಪರ್ವೀನ್ ಹೇಳಿದಳು,
ಚಪ್ಪಲಿ ನೋಡಿಕೋ, ತುದಿಗೆಲ್ಲ ಹಳದಿ.
ಕರವಸ್ತ್ರ ಕೊಡಲು ಬಂದಳು.
ಬೇಡ ಎಂದೆ.

ಶಿವಡಿ. ಕಾಟನ್ ಗ್ರೀನ್. ರೇ ರೋಡ್.
ಮಸ್ಜಿದ್ ಬರಲು ಇನ್ನೂ ಮೂರು ಸ್ಟೇಷನ್ನು.